ಹದಿನೇಳನೇ ಕೇಂದ್ರದ ಸದ್ದು

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ಬಾಗಿಲಿಗೆ ಎರಡು ಬೀಗ ಯಾಕೆ, ಹಾಜರಿ ಪುಸ್ತಕಕ್ಕೆ ಹಸಿರು ರಟ್ಟು ಯಾಕೆ, ಸಭೆ ಬುಧವಾರವೇ ಯಾಕೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿಂದಿದ್ದಳು. ಅಂದಿನಿಂದ ಅವಳು ಯಾಕಮ್ಮ. ಹದಿನಾಲ್ಕು ವರ್ಷವಾದ ಮೇಲೆ ಗುರುತಿನ ಚೀಟಿಯೊಂದನ್ನು ಬಿಟ್ಟರೆ ಅವಳ ನಿಜವಾದ ಹೆಸರು ಎಲ್ಲಿಯೂ ಉಳಿದಿರಲಿಲ್ಲ. ಅವಳಿಗೂ ಅದರಿಂದ ಬೇಸರವಿರಲಿಲ್ಲ. "ಬೇರೆಯವರು 'ಯಾಕೆ' ಅಂತ ಕೇಳಿದ್ರೆ ಜಗಳ ಅಂತಾರೆ. ನಾನು ಕೇಳಿದ್ರೆ ಹೆಸರು ಹೇಳ್ಕೊಂಡೆ ಅಂತಾರೆ," ಎನ್ನುತ್ತಿದ್ದಳು.

ಅವಳ ಪಾಲಿಗಿದ್ದದ್ದು ಕಚೇರಿಯ ಡೇಟಾಬೇಸು. ನದಿಯುದ್ದಕ್ಕೂ ನಲವತ್ತಾರು ಅಳತೆ ಕೇಂದ್ರಗಳು. ಪ್ರತಿಯೊಂದರಲ್ಲೂ ನೀರು ಎಷ್ಟು ಎತ್ತರಕ್ಕಿದೆ ಎಂದು ದಿನಕ್ಕೆ ನಾಲ್ಕು ಸಲ ನೋಡಿ ಬರೆಯುವ ಒಬ್ಬರು. ಅದರ ಜೊತೆಗೆ ಪಂಪುಗಳು, ಕೊಳವೆಗಳು, ಊರ ಮೇಲಿನ ತೊಟ್ಟಿಗಳು ತಾವೇ ಕಳಿಸುವ ಅಂಕಿಗಳು. ಇದೆಲ್ಲ ಬಂದು ಬೀಳುವುದು ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿದ್ದ ಐದು ಸರ್ವರ್‌ಗಳಿಗೆ. ಐದೂ ಕೂಡಿ ಒಂದೇ ಸಂಸಾರ. ಯಾವ ಅಂಕಿ ಬಂದರೂ ಅದರ ಮೂರು ಪ್ರತಿಗಳು ಮೂರು ಬೇರೆ ಬೇರೆ ಸರ್ವರ್‌ಗಳಲ್ಲಿ ಕೂರುತ್ತಿದ್ದವು. ಒಂದು ಮಲಗಿದರೂ ಇನ್ನೆರಡು ಕೆಲಸ ನಡೆಸಲಿ ಎಂದು.

ಆ ವರ್ಷ ಐದೂ ಸರ್ವರ್‌ಗಳ ಡಿಸ್ಕುಗಳು ನೂರಕ್ಕೆ ಎಂಬತ್ತೆಂಟರಷ್ಟು ತುಂಬಿ, ಉಸಿರಾಡಲೂ ಜಾಗವಿಲ್ಲದ ಸ್ಥಿತಿಗೆ ಬಂದಿದ್ದವು. ಕೊನೆಗೂ ಹಳೆಯದರ ನಾಲ್ಕರಷ್ಟು ದೊಡ್ಡ ಡಿಸ್ಕುಗಳು ಬಂದವು. ಹಾಕುವ ಕ್ರಮ ಸರಳ: ಒಂದು ಸರ್ವರ್ ನಿಲ್ಲಿಸು, ಹಳೆ ಡಿಸ್ಕು ತೆಗೆ, ಹೊಸದು ಕೂರಿಸು, ಮತ್ತೆ ಎಬ್ಬಿಸು. ಅದು ಬರಿಗೈಯಲ್ಲಿ ಎದ್ದು ನಿಲ್ಲುತ್ತದೆ. ಉಳಿದ ನಾಲ್ಕು ತಮ್ಮಲ್ಲಿರುವ ಪ್ರತಿಗಳಿಂದ ಅದರ ಪಾಲನ್ನು ತುಂಬಿಕೊಡುತ್ತವೆ. ಪೂರ್ತಿ ತುಂಬುವವರೆಗೂ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ದಿನಕ್ಕೊಂದರಂತೆ ಐದು ದಿನದ ಕೆಲಸ.

ಡಿಸ್ಕು ಬಿಚ್ಚಿ ಕೂರಿಸುವುದು ಸ್ಕ್ರೂ ಅಣ್ಣನ ಕೆಲಸ. ಐವತ್ತೈದು ದಾಟಿದ ಆ ತಂತ್ರಜ್ಞ ಮಾತಾಡುವಾಗಲೂ ತುಟಿಯ ಮೂಲೆಯಲ್ಲಿ ಒಂದು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಂದನೇ ಸರ್ವರ್‌ನ ಡಿಸ್ಕು ಬದಲಾಯಿಸಿ, ಹಳೆಯದನ್ನು ಒಂದು ಬಟ್ಟೆಯಲ್ಲಿ ಸುತ್ತಿ, ಕೈ ಒರೆಸಿಕೊಂಡು, "ಹೊಟ್ಟೆ ದೊಡ್ಡದು ಮಾಡಿದ್ದೀನಿ. ಇನ್ನು ಬಡಿಸೋದು ನಿನ್ನ ಕೆಲಸ," ಎಂದ.

ಬಡಿಸುವುದು ಚೆನ್ನಾಗಿಯೇ ಶುರುವಾಯಿತು. ಒಂದೊಂದು ಕೇಂದ್ರದ ದಾಖಲೆಯೂ ಒಂದೊಂದು ಮೂಟೆಯಾಗಿ ಸಾಗುವಂತೆ ಹಿಂದೆ ಯಾರೋ ಏರ್ಪಾಟು ಮಾಡಿದ್ದರು. ಮೂಟೆಗಳು ಒಂದರ ಹಿಂದೊಂದು ಬಂದು ಬಿದ್ದವು. ಒಂದೊಂದಕ್ಕೆ ಎರಡು ನಿಮಿಷ, ಮೂರು ನಿಮಿಷ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಬಂದಿದ್ದವು, ಒಂದನ್ನು ಬಿಟ್ಟು. ಹದಿನೇಳನೇ ಕೇಂದ್ರ. ಅದು ಸ್ವಲ್ಪ ದೂರ ಬರುತ್ತಿತ್ತು, ಬಂದು ಬಂದು ಸುಸ್ತಾದಂತೆ ನಿಲ್ಲುತ್ತಿತ್ತು, ಸಂಪರ್ಕ ಕಡಿದುಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಸಂಜೆಯೊಳಗೆ ಮೂರು ಸಲ ಹೀಗಾಯಿತು.

"ಆನೆ ಹೋಯ್ತು, ಬಾಲ ಸಿಕ್ಕಿಹಾಕ್ಕೊಳ್ತು," ಎಂದ ಸ್ಕ್ರೂ ಅಣ್ಣ.

"ಬಾಲ ಅಲ್ಲ ಅಣ್ಣ, ಇದೇ ಆನೆ," ಎಂದಳು ಯಾಕಮ್ಮ, ಪರದೆಯನ್ನು ಅವನ ಕಡೆ ತಿರುಗಿಸಿ. "ಬೇರೆ ಕೇಂದ್ರಗಳದ್ದು ಒಂದೊಂದು ಎರಡು ಜೀಬಿ. ಇದು ನೂರ ಮೂವತ್ತು. ಯಾಕೆ?"

"ಶುರುವಾಯ್ತು," ಎಂದ ಅವನು.

ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಕೆಳಗಿಳಿದು ಬಂದರು. ಕೆಟ್ಟವರಲ್ಲ. ಆದರೆ ಆ ತಿಂಗಳು ಪಂಪುಗಳ ತಾಪತ್ರಯದಲ್ಲಿ ಮುಳುಗಿ, ಯಾರಾದರೂ ಉದ್ದದ ಮಾತು ತೆಗೆದರೆ ಗಡಿಯಾರ ನೋಡುವಂತಾಗಿದ್ದರು. ನಿಂತುಕೊಂಡೇ ಕೇಳಿದರು. ನದಿಯ ನೀರಿನ ಎತ್ತರ ಬರೆಯಲು ನೂರ ಮೂವತ್ತು ಜೀಬಿ ಯಾಕೆ ಬೇಕು ಎಂದು ಅವರಿಗೂ ಅರ್ಥವಾಗಲಿಲ್ಲ.

"ಅಳತೆ ಅಂಕಿ ಇಟ್ಕೊಂಡು ಮಿಕ್ಕಿದ್ದೆಲ್ಲ ಅಳಿಸಿಬಿಡಮ್ಮ. ಏನೋ ಕಸ ಇರಬೇಕು."

"ಏನು ಅಂತ ನೋಡಿ ಅಳಿಸ್ತೀನಿ ಸರ್."

"ನೋಡು. ಆದ್ರೆ ಶುಕ್ರವಾರ ಸಂಜೆಯೊಳಗೆ ಮುಗಿಸು. ನಿನ್ನ ಯಾಕೆಗೆ ಉತ್ತರ ಸಿಗೋವರೆಗೂ ನಾಲ್ಕು ಹಳೆ ಡಿಸ್ಕಿನ ಮೇಲೆ ಕಚೇರಿ ಕಾಯೋಕಾಗಲ್ಲ."

ಅವರು ಹೋದ ಮೇಲೆ ಅವಳು ಮೂಟೆ ಬಿಚ್ಚಿದಳು.

ಅಳತೆ ಬರೆಯುವ ನಮೂನೆಯಲ್ಲಿ ಕೊನೆಗೊಂದು 'ವಿಶೇಷ' ಎಂಬ ಖಾನೆ ಇತ್ತು. ನೀರಳೆಯುವ ಕೋಲು ಮುರಿದರೆ, ದಂಡೆ ಕುಸಿದರೆ ಎರಡು ಸಾಲು ಬರೆದು ಒಂದು ಚಿತ್ರ ಲಗತ್ತಿಸಲಿ ಎಂದು ಇಟ್ಟದ್ದು. ನಲವತ್ತೈದು ಕೇಂದ್ರದವರು ಅದನ್ನು ಖಾಲಿ ಬಿಟ್ಟಿದ್ದರು. ಹದಿನೇಳನೇ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ, ದಿನಕ್ಕೆ ನಾಲ್ಕು ಸಲ, ಒಂದು ಸಲವೂ ತಪ್ಪದೆ ಅದು ತುಂಬಿತ್ತು. ಚಿತ್ರವಲ್ಲ, ಧ್ವನಿ. ಸರಿಯಾಗಿ ಒಂದು ನಿಮಿಷದ್ದು. ಹದಿಮೂರು ಸಾವಿರಕ್ಕೂ ಹೆಚ್ಚು ನಿಮಿಷಗಳು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ.

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂದನ್ನು ಹಾಕಿದಳು. ನೀರು. ಕಲ್ಲಿನ ಮೇಲೆ ಹಾದು ಬೀಳುವ ನೀರಿನ ಸದ್ದು. ಇನ್ನೊಂದು ಹಾಕಿದಳು. ನೀರು. ನೂರನೆಯದು, ಸಾವಿರದ್ದು, ಎಂಟು ಸಾವಿರದ್ದು. ಒಂದರಲ್ಲಿ ದೂರದ ಲಾರಿ, ಇನ್ನೊಂದರಲ್ಲಿ ಯಾರದೋ ಕೆಮ್ಮು. ಉಳಿದಂತೆ ನೀರೇ ನೀರು. ಮಾತಿಲ್ಲ, ಕಥೆಯಿಲ್ಲ.

ಪಕ್ಕದಲ್ಲಿ ಬರೆದ ಸಾಲುಗಳನ್ನು ನೋಡಿದಾಗ ತಲೆಯಲ್ಲಿ ಹುಳ ಹೊಕ್ಕಿತು. ಎಲ್ಲ ಕಡೆಯೂ ಎರಡೇ ಮಾತು, ಎರಡೇ ಅಂಕಿ:

'ಅಪ್ಪ 2.40. ಕೋಲು 2.38.'

'ಅಪ್ಪ 1.95. ಕೋಲು 1.97.'

'ಅಪ್ಪ 3.10. ಕೋಲು 3.10. ಗೆದ್ದರು.'

"ಅಪ್ಪ ಕೋಲು ಹಿಡ್ಕೊಂಡು ಅಟ್ಟಿಸ್ಕೊಂಡು ಬರೋದು ನಂಗೂ ಗೊತ್ತು," ಎಂದ ಸ್ಕ್ರೂ ಅಣ್ಣ ಅವಳ ಭುಜದ ಮೇಲಿಂದ ಇಣುಕಿ. "ಆದ್ರೆ ಅದನ್ನ ಯಾರೂ ದಶಮಾಂಶದಲ್ಲಿ ಬರೆದದ್ದು ನೋಡಿಲ್ಲ."

ಐದು ವರ್ಷ ಹೀಗೆ ನಡೆದು, ನಾಲ್ಕು ವರ್ಷದ ಹಿಂದೆ ಒಂದು ದಿನ 'ಅಪ್ಪ' ನಿಂತುಹೋಗಿತ್ತು. ಹನ್ನೆರಡು ದಿನ ಬರೀ 'ಕೋಲು'. ಹದಿಮೂರನೆಯ ದಿನ ಹೊಸ ಮಾತು: 'ನಾನು 2.90. ಕೋಲು 2.35.' ಮರುದಿನ: 'ನಾನು 1.80. ಕೋಲು 2.33. ಥೂ.'

ಸಂಜೆ ಮನೆಯಲ್ಲಿ ಊಟದ ಮೇಜಿನ ಮುಂದೆ ಇದನ್ನೇ ಬಿಡಿಸಿ ಹೇಳಿದಳು. ಗಂಡ ತಟ್ಟೆಯಿಂದ ತಲೆ ಎತ್ತದೆ "ಏನೋ ಗುಪ್ತ ಲಿಪಿ ಇರಬೇಕು" ಎಂದ. ಮಗಳು, ಯಾವುದೋ ಆಟದ ಅಂಕ ಇರಬಹುದು ಎಂದಳು. ಅತ್ತೆ ಮಾತ್ರ ಚಮಚ ಕೆಳಗಿಟ್ಟು ಸೊಸೆಯನ್ನೇ ದಿಟ್ಟಿಸಿದರು. ನಲವತ್ತು ವರ್ಷ ಬಟ್ಟೆ ಹೊಲಿದ ಕೈ ಅವರದು; ಈಗಲೂ ಮನೆಗೆ ಬಂದವರ ತೋಳಿನುದ್ದವನ್ನು ಕಣ್ಣಲ್ಲೇ ಅಳೆಯದೆ ಬಿಡುತ್ತಿರಲಿಲ್ಲ.

"ಇಷ್ಟು ಓದಿದ್ದೀಯ, ಇದು ಗೊತ್ತಾಗಲ್ವೇನೆ?" ಎಂದರು. "ಅಂಗಡಿಗೆ ಯಾರಾದ್ರೂ ಬಂದ್ರೆ ನಾನು ಮೊದಲು ನೋಡಿ ಮನಸ್ಸಲ್ಲೇ ಅಂದ್ಕೊಳ್ತಿದ್ದೆ, ಸೊಂಟ ಮೂವತ್ತೆರಡು ಅಂತ. ಆಮೇಲೆ ಟೇಪು ಹಿಡಿಯೋದು. ಟೇಪು ಮೂವತ್ತಮೂರು ಅಂತಿತ್ತು. ಕಣ್ಣು ಮೂವತ್ತೆರಡು, ಟೇಪು ಮೂವತ್ತಮೂರು. ಅದೇ ಇದು. ಅಪ್ಪ ಅಂದಾಜು ಹೇಳಿದ್ದಾನೆ, ಕೋಲು ನಿಜ ಹೇಳಿದೆ."

"ಅತ್ತೆ, ಆದ್ರೆ ಸದ್ದು ಯಾಕೆ?"

"ಅಪ್ಪ ಕಣ್ಣಲ್ಲಿ ನೋಡ್ತಿರಲಿಲ್ಲ ಅಂತ ಕಾಣತ್ತೆ," ಎಂದು ಅತ್ತೆ ಮತ್ತೆ ಚಮಚ ಕೈಗೆತ್ತಿಕೊಂಡರು.

ಬುಧವಾರವಿಡೀ ಯಾಕಮ್ಮ ಆ ಅಂಕಿಗಳನ್ನು ಒಂದು ಹಾಳೆಯ ಮೇಲೆ ಚುಕ್ಕಿಗಳಾಗಿ ಇಳಿಸಿದಳು. ಅತ್ತೆಯ ಮಾತು ಬೀಗಕ್ಕೆ ಕೀಲಿಯಂತೆ ಸಲೀಸಾಗಿ ಹೊಂದಿಕೊಂಡಿತು. ಅಪ್ಪನ ಅಂದಾಜು ಕೋಲಿಗಿಂತ ಮೂರು ಸೆಂಟಿಮೀಟರ್ ಆಚೀಚೆ, ಅಷ್ಟೇ. 'ನಾನು' ಎಂದವರ ಅಂದಾಜು ಮೊದಲ ತಿಂಗಳು ಕುರುಡನ ಕಲ್ಲಿನಂತೆ ಎಲ್ಲೆಂದರಲ್ಲಿ ಬಿದ್ದಿತ್ತು. ಒಂದು ವರ್ಷದಲ್ಲಿ ಹತ್ತು ಸೆಂಟಿಮೀಟರ್‌ಗೆ ಬಂತು, ಮೂರು ವರ್ಷದಲ್ಲಿ ನಾಲ್ಕಕ್ಕೆ. ಆದರೆ ಹಾಳೆಯ ಬಲತುದಿಯಲ್ಲಿ, ಕಳೆದ ಎಂಟು ತಿಂಗಳ ಚುಕ್ಕಿಗಳು ವಿಚಿತ್ರವಾಗಿದ್ದವು. ಅವು ಚದುರಿರಲಿಲ್ಲ. ಒಟ್ಟಾಗಿ, ಶಿಸ್ತಾಗಿ, ಹದಿನೈದು ಸೆಂಟಿಮೀಟರ್ ಕೆಳಗೆ ಸಾಲು ನಿಂತಿದ್ದವು. 'ನಾನು 1.60. ಕೋಲು 1.75.' 'ನಾನು 1.42. ಕೋಲು 1.57. ಕಿವಿ ಹೋಯಿತು.'

ಅವಳು ಹದಿನೇಳನೇ ಕೇಂದ್ರಕ್ಕೆ ಫೋನ್ ಮಾಡಿದಳು. ಒಬ್ಬ ಹೆಂಗಸು ಎತ್ತಿಕೊಂಡಳು.

"ಅಕ್ಕಾ, ನಾನು ಮುಖ್ಯ ಕಚೇರಿಯಿಂದ. ನೀವು ವಿಶೇಷ ಅನ್ನೋ ಖಾನೇಲಿ ಸದ್ದು ಹಾಕ್ತೀರಲ್ಲ—"

ಆ ಕಡೆಯಿಂದ ಗಾಬರಿಯ ದನಿ: "ತಪ್ಪಾಯ್ತಮ್ಮ. ನನ್ನ ಫೋನಲ್ಲಿ ಜಾಗ ಸಾಲ್ತಿರಲಿಲ್ಲ, ಅಲ್ಲಿ ಹಾಕಿದ್ರೆ ಹೋಗ್ತಿತ್ತು, ಯಾರೂ ಬೇಡ ಅನ್ನಲಿಲ್ಲ. ತೊಂದ್ರೆ ಆಗಿದ್ರೆ ಅಳಿಸಿಬಿಡಿ. ಹೇಗೂ ಈಗ ಅದ್ರಿಂದ ಏನೂ ಪ್ರಯೋಜನ ಇಲ್ಲ."

ಕೇಳುವುದು ಬಾಕಿ ಇರುವಾಗಲೇ ಫೋನು ಇಟ್ಟಾಯಿತು.

ಅಳಿಸಿ ಎಂದು ಮ್ಯಾನೇಜರ್ ಹೇಳಿದ್ದರು. ಈಗ ಹಾಕಿದವಳೇ ಹೇಳಿದಳು. ಒಂದು ಆಜ್ಞೆ ಬೆರಳಚ್ಚಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಯಾಕಮ್ಮ ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಕೈ ಮುಂದೆ ಹೋಗಲಿಲ್ಲ. ಉತ್ತರ ಸಿಗದ ಪ್ರಶ್ನೆಯನ್ನು ಅಳಿಸುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

"ಅಣ್ಣ, ನಾಳೆ ನಾನು ಅಲ್ಲಿಗೆ ಹೋಗ್ಬರ್ತೀನಿ. ನೀವು ಈ ಐವರನ್ನ ನೋಡ್ಕೊಳ್ಳಿ. ಯಾವುದನ್ನೂ ಬಿಚ್ಚಬೇಡಿ. ಹದಿನೇಳರ ಪೂರ್ತಿ ಪ್ರತಿ ಈಗ ಮೂರರಲ್ಲಿ, ನಾಲ್ಕರಲ್ಲಿ ಮಾತ್ರ ಇದೆ."

"ಮ್ಯಾನೇಜರ್ ಕೇಳಿದ್ರೆ?"

"ಯಾಕೆ ಅಂತ ಕೇಳೋಕೆ ಹೋಗಿದ್ದಾಳೆ ಅನ್ನಿ."

ಗುರುವಾರ ಎರಡು ಬಸ್ಸು ಬದಲಿಸಿ, ಹನ್ನೊಂದರ ಹೊತ್ತಿಗೆ ಅವಳು ಆ ಸೇತುವೆಯ ಬಳಿ ಇಳಿದಳು. ಕಲ್ಲಿನ ಹಳೆಯ ಸೇತುವೆ. ಕೆಳಗೆ ನದಿಗೆ ಅಡ್ಡವಾಗಿ ಮೊಣಕಾಲೆತ್ತರದ ಕಲ್ಲಿನ ಸಾಲು, ಅದರ ಮೇಲಿಂದ ನೀರು ಜಾರಿ ಬೀಳುತ್ತಿತ್ತು. ಸದ್ದು ಕೇಳಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಮೂರು ದಿನದಿಂದ ಕಿವಿಯಲ್ಲಿದ್ದದ್ದು ಇದೇ. ದಂಡೆಗೆ ಹತ್ತಿಕೊಂಡಂತೆ ತಗಡಿನ ಮಾಡಿನ ಒಂದು ಕೋಣೆ. ನೀರಿನಲ್ಲಿ ನೆಟ್ಟ ಕಬ್ಬಿಣದ ಕೋಲು, ಮೇಲೆ ಕಪ್ಪು ಬಿಳಿ ಗೆರೆ, ಅಂಕಿ.

ಕೋಣೆಯಿಂದ ಹೊರಬಂದಾಕೆಗೆ ಐವತ್ತೆಂಟರ ಪ್ರಾಯ. ಮಂಡಿಯವರೆಗಿನ ರಬ್ಬರ್ ಬೂಟು, ಕೊರಳಲ್ಲಿ ದಾರ ಕಟ್ಟಿ ನೇತುಬಿಟ್ಟ ಪೆನ್ಸಿಲ್ಲು. ಯಾಕಮ್ಮನ ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಕಂಡು ಮುಖ ಬಿಳುಚಿತು.

"ಬೈಯೋಕೆ ಇಷ್ಟು ದೂರ ಬಂದ್ರಾ?"

"ಬೈಯೋಕಲ್ಲ ಅಕ್ಕ, ಕೇಳೋಕೆ ಬಂದೆ. ನನ್ನನ್ನ ಯಾಕಮ್ಮ ಅಂತಾರೆ."

ಆಕೆ ನಕ್ಕುಬಿಟ್ಟಳು. ನಕ್ಕ ಮೇಲೆ ಮಾತು ಸಲೀಸಾಯಿತು. ಚಹಾ ಕುದಿಸಿ, ಮೆಟ್ಟಿಲ ಮೇಲೆ ಕೂರಿಸಿ, ಅಳತೆಯ ಅಕ್ಕ ಹೇಳತೊಡಗಿದಳು.

ಅವಳ ತಂದೆ ಇದೇ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಅಳತೆ ಬರೆದವರು. ಆಮೇಲೆ ಒಂದು ಬೆಳಿಗ್ಗೆ ಕಾಲು ಸ್ವಾಧೀನ ತಪ್ಪಿತು. ಕೆಲಸ ಮಗಳಿಗೆ ಬಂತು, ಅವರಿಗೆ ಮಂಚ ಗತಿಯಾಯಿತು. ಮನೆ ಇದ್ದದ್ದು ದಂಡೆಯಿಂದ ದೂರ, ರಸ್ತೆಯಾಚೆ. ನದಿ ಅಲ್ಲಿಗೆ ಕೇಳಿಸುತ್ತಿರಲಿಲ್ಲ.

"ಎಲ್ಲರ ಮುಂದೂ ಜಂಬ ಕೊಚ್ಕೊಳ್ತಿದ್ರು," ಎಂದಳು. "ನಂಗೆ ಕೋಲೇ ಬೇಕಿಲ್ಲ, ಕಲ್ಲಿನ ಮೇಲೆ ನೀರು ಬೀಳೋದು ಕೇಳಿದ್ರೆ ಸಾಕು, ಎತ್ತರ ಹೇಳ್ತೀನಿ ಅಂತ. ನಂಗೆ ನಂಬಿಕೆ ಇರಲಿಲ್ಲ. ಮಲಗಿದ ಮೇಲಂತೂ ಮಾತೆತ್ತಿದ್ರೆ ಇದೇ. ಒಂದಿನ ಸಿಟ್ಟು ಬಂತು. ಸರಿ ಅಪ್ಪ, ನೋಡೇಬಿಡೋಣ ಅಂತ ಒಂದು ನಿಮಿಷ ಸದ್ದು ಹಿಡ್ಕೊಂಡು ಹೋಗಿ ಕಿವಿ ಹತ್ರ ಇಟ್ಟೆ. ಎರಡು ನಲವತ್ತು ಅಂದ್ರು. ಕೋಲು ಎಷ್ಟಿತ್ತು ಗೊತ್ತಾ?"

"ಎರಡು ಮೂವತ್ತೆಂಟು," ಎಂದಳು ಯಾಕಮ್ಮ.

ಅಕ್ಕ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದಳು. "ನೀವು ಅದನ್ನೆಲ್ಲ ಓದಿದ್ರಾ?"

"ಮೊದಲನೆಯದರಿಂದ."

"ಒಂಬತ್ತು ವರ್ಷದಲ್ಲಿ ಅದನ್ನ ಓದಿದೋರು ನೀವೊಬ್ರೇ." ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವರು ಹೋಗೋ ದಿನದವರೆಗೂ ಹೇಳಿದ್ರು. ಆಮೇಲೆ ಹನ್ನೆರಡು ದಿನ ಅಭ್ಯಾಸಕ್ಕೆ ಸದ್ದು ಹಿಡಿದು ಬರೀ ಅಳತೆ ಬರೆದೆ. ಹದಿಮೂರನೇ ದಿನ ಅನ್ನಿಸ್ತು, ಅವರಿಗೆ ಬಂದದ್ದು ನಂಗೂ ಬರತ್ತಾ? ಅದಕ್ಕೇ ಕೋಲಿಗೆ ಬೆನ್ನು ಹಾಕಿ ಇಳಿಯೋದು, ಸದ್ದು ಹಿಡಿಯೋದು, ಒಂದು ಅಂಕಿ ಹೇಳೋದು, ಆಮೇಲೆ ತಿರುಗೋದು. ಬಂದೇ ಬಿಟ್ಟಿತ್ತು ನೋಡಿ. ಹೋದ ವರ್ಷ ದೊಡ್ಡ ನೀರು ಬಂತಲ್ಲ, ಅದಾದ ಮೇಲೆ ಕಿವಿ ಕೆಟ್ಟೋಯ್ತು. ಯಾವಾಗ್ಲೂ ಹದಿನೈದು ಕಮ್ಮಿ. ವೈದ್ಯರ ಹತ್ರಾನೂ ಹೋದೆ. ವಯಸ್ಸು ಅಂದ್ರು."

ಯಾಕಮ್ಮ ಚೀಲದಿಂದ ಹಾಳೆ ತೆಗೆದು ಮೊಣಕಾಲ ಮೇಲೆ ಹರಡಿದಳು. "ಅಕ್ಕ, ಇದು ನೋಡಿ. ಮೊದಲು ನಿಮ್ಮ ತಪ್ಪು ಎರಡೂ ಕಡೆ ಇದೆ, ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಇಲ್ಲಿ ಒಂದೇ ಕಡೆ. ಅದೂ ಪ್ರತಿ ಸಲ ಹದಿನೈದೇ. ಕೆಟ್ಟ ಕಿವಿ ಇಷ್ಟು ಅಚ್ಚುಕಟ್ಟಾಗಿ ತಪ್ಪತ್ತಾ?"

"ಅಂದ್ರೆ?"

"ಅಂದ್ರೆ ತಪ್ಪು ಕೋಲಿನದ್ದು ಯಾಕಿರಬಾರದು?"

ಅಳತೆಯ ಅಕ್ಕ ಎದ್ದು ಹೋಗಿ ಕೋಣೆಯಿಂದ ಉದ್ದದ ಉಕ್ಕಿನ ಟೇಪು ತಂದಳು. ಸೇತುವೆಯ ಕಂಬದ ಮೇಲೆ ಎತ್ತರದ ಗುರುತಿಗೆಂದು ಕಟ್ಟಿದವರೇ ಕೂರಿಸಿದ ಒಂದು ಹಿತ್ತಾಳೆ ಗುಬುಟು ಇತ್ತು. ಕೋಲಿನ ಸೊನ್ನೆ ಗೆರೆಯಿಂದ ಅದರ ಎತ್ತರ ಸರಿಯಾಗಿ ಆರು ಮೀಟರ್ ಎಂದು ಕೇಂದ್ರದ ಪುಸ್ತಕದ ಮೊದಲ ಪುಟದಲ್ಲಿ ಬರೆದಿತ್ತು. ಕೋಲು ನೆಡುವಾಗ ಅದನ್ನೇ ನೋಡಿ ನೆಟ್ಟಿದ್ದರಂತೆ. ಆಮೇಲೆ ಯಾರೂ ಅದರ ತಂಟೆಗೆ ಹೋಗಿರಲಿಲ್ಲ.

"ಮೊದಲು ಕೇಳಿ ಹೇಳಿ," ಎಂದಳು ಯಾಕಮ್ಮ.

ಅಕ್ಕ ನದಿಗೆ ಬೆನ್ನು ಹಾಕಿ ನಿಂತು ಕಣ್ಣು ಮುಚ್ಚಿದಳು. ಒಂದು ನಿಮಿಷ. "ಒಂದು ಮೂವತ್ತು. ನೀವೂ ಒಂದು ಹೇಳಿ ನೋಡೋಣ."

ಯಾಕಮ್ಮ ಕಿವಿಗೆ ಕೈ ಮರೆ ಹಿಡಿದು ಗಂಭೀರವಾಗಿ ಕೇಳಿದಳು. "ಮೂರು ಮೀಟರ್?"

"ಅಷ್ಟಿದ್ದಿದ್ರೆ ನಾವಿಬ್ರೂ ಈಗ ಈಜ್ತಾ ಇರ್ತಿದ್ವಿ!"

ಕೋಲು ಒಂದು ನಲವತ್ತನಾಲ್ಕು ಎನ್ನುತ್ತಿತ್ತು. ಇಬ್ಬರೂ ಸೇತುವೆ ಹತ್ತಿ, ಗುಬುಟಿನಿಂದ ಟೇಪು ಇಳಿಬಿಟ್ಟರು. ತುದಿ ನೀರು ಮುಟ್ಟಿದಾಗ ಅಕ್ಕ ಬಗ್ಗಿ ಓದಿದಳು: ನಾಲ್ಕು ಎಪ್ಪತ್ತೊಂದು. ಆರರಲ್ಲಿ ಅಷ್ಟು ಕಳೆದರೆ ಒಂದು ಇಪ್ಪತ್ತೊಂಬತ್ತು.

ಮತ್ತೆ ಅಳೆದರು. ಮತ್ತೆ ಅಷ್ಟೇ. ಪ್ರವಾಹದಲ್ಲಿ ಬಂದ ಮರದ ದಿಮ್ಮಿಯೋ, ಬುಡದ ಮರಳು ಕೊಚ್ಚಿಹೋಗಿಯೋ, ಕೋಲು ನಿಂತ ನಿಲುವಿನಲ್ಲೇ ಹದಿನೈದು ಸೆಂಟಿಮೀಟರ್ ಕೆಳಕ್ಕೆ ಇಳಿದಿತ್ತು. ನೆಟ್ಟಗೇ ಇಳಿದಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೋಲು ಇಳಿದಷ್ಟೂ ನೀರು ಏರಿದಂತೆ ತೋರಿಸುತ್ತಿತ್ತು.

ಅಳತೆಯ ಅಕ್ಕ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ಎಂಟು ತಿಂಗಳು ನನ್ನ ಕಿವೀನ ನಾನೇ ಬೈಕೊಂಡೆ," ಎಂದಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಪರೀಕ್ಷೆ ಪಾಸಾದ ಹುಡುಗಿಯ ನಗು. "ಅಪ್ಪ ಇದ್ದಿದ್ರೆ ಕೋಲಿಗೇ ಎರಡು ಬಾರಿಸ್ತಿದ್ರು."

ಅಷ್ಟರಲ್ಲಿ ಯಾಕಮ್ಮನ ಫೋನು ಬಡಿದುಕೊಂಡಿತು. ಸ್ಕ್ರೂ ಅಣ್ಣ.

"ನಾಲ್ಕನೇದರ ದೀಪ ಕಿತ್ತಳೆ ಆಗಿದೆ. ಡಿಸ್ಕು ಓದೋಕೆ ತಡವರಿಸ್ತಾ ಇದೆ. ಹಳೇದಲ್ವಾ, ಈ ವಾರ ಎಲ್ಲ ಸೇರಿ ಅದರಿಂದಾನೇ ತೋಡಿ ತೋಡಿ ಬಡಿಸಿದ್ದು."

ಯಾಕಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ನಾಲ್ಕು ಹೋದರೆ ಹದಿನೇಳರ ಪೂರ್ತಿ ಪ್ರತಿ ಉಳಿಯುವುದು ಮೂರರಲ್ಲಿ ಮಾತ್ರ, ಅದೂ ಅಷ್ಟೇ ಹಳೆಯ ಡಿಸ್ಕು. "ಮೂರನ್ನ ಮುಟ್ಟಬೇಡಿ ಅಣ್ಣ. ಸೋಮವಾರ ತೆಗೆದ ಡಿಸ್ಕು ಎಲ್ಲಿದೆ?"

"ಬಟ್ಟೆ ಸುತ್ತಿ ನನ್ನ ಡ್ರಾಯರ್‌ನಲ್ಲಿಟ್ಟಿದ್ದೀನಿ. ಹೊಸಬರು ಒಗ್ಗೋವರೆಗೂ ಹಳಬರನ್ನ ಮನೆಯಿಂದ ಕಳಿಸಬಾರದು ಕಣಮ್ಮ."

ಅವನ ಮೇಲೆ ಆ ದಿನ ಬಂದಷ್ಟು ಪ್ರೀತಿ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಆದರೂ ಮೂರು ದಿನದ ಹಿಂದಿನ ಡಿಸ್ಕು ಕೊನೆಯ ಆಸರೆಯೇ ಹೊರತು ಪರಿಹಾರವಲ್ಲ. ವಾಪಸು ಬರುವ ಎರಡೂ ಬಸ್ಸುಗಳಲ್ಲಿ ಒಂದು ಚೀಟಿಯ ಹಿಂದೆ ಗೀಚುತ್ತಾ ಬಂದಳು. ನೂರ ಮೂವತ್ತು ಜೀಬಿಯ ಒಂದೇ ಮೂಟೆ ಯಾರೂ ಹೊರಲಾಗದು. ಅದನ್ನು ತಿಂಗಳಿಗೊಂದು ಪೊಟ್ಟಣ ಮಾಡಿದರೆ? ಒಂಬತ್ತು ವರ್ಷಕ್ಕೆ ಹನ್ನೆರಡರಂತೆ ನೂರ ಎಂಟು. ಆದರೆ ಹೊಸ ಪೊಟ್ಟಣ ಕಟ್ಟಲು ಜಾಗ ಬೇಕು. ಹಳೆ ಡಿಸ್ಕುಗಳಲ್ಲಿ ಜಾಗವೇ ಇಲ್ಲ. ಹಾಗಿದ್ದರೆ ಕಟ್ಟುವಾಗಲೇ ಮಡಚಬೇಕು. ಸದ್ದಿನ ಒಂದು ಎಳೆಯೂ ಕಳೆಯದಂತೆ ಅರ್ಧಕ್ಕೆ ಮಡಚುವ ವಿಧಾನ ಇದ್ದೇ ಇದೆ, ಬಟ್ಟೆಯನ್ನು ಹರಿಯದೆ ಪೆಟ್ಟಿಗೆಗೆ ಇಳಿಸಿದಂತೆ. ಅರ್ಧವಾದರೆ ಹಿಡಿಯುತ್ತದೆ. ಲೆಕ್ಕ ಮೂರು ಸಲ ಹಾಕಿದಳು. ಹಿಡಿಯುತ್ತದೆ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದಳು. ಮೊದಲ ತಿಂಗಳನ್ನು ಮೂರನೇ ಸರ್ವರ್‌ನಿಂದ ಓದಿ, ಮಡಚಿ, ಹೊಸ ಪೊಟ್ಟಣವಾಗಿ ಬರೆದಳು. ಅದು ಮೂರು ಪ್ರತಿಯಾಗಿ ಐದರಲ್ಲಿ ಎಲ್ಲೆಲ್ಲೋ ಹೋಗಿ ಕೂತಿತು. ಬಿಚ್ಚಿ ಹಳೆಯದರೊಂದಿಗೆ ಹೋಲಿಸಿದಳು, ತಾಳೆಯಾಯಿತು. ಎರಡನೆಯದು. ಮೂರನೆಯದು. ಪೊಟ್ಟಣಗಳು ಹಗುರವಾಗಿದ್ದವು, ಯಾವುದೂ ದಾರಿಯಲ್ಲಿ ನಿಲ್ಲಲಿಲ್ಲ. ಸ್ಕ್ರೂ ಅಣ್ಣ ನಾಲ್ಕನೇ ಸರ್ವರ್ ಮುಂದೆ ಸ್ಟೂಲು ಹಾಕಿಕೊಂಡು, ಜ್ವರದ ಮಗುವನ್ನು ಕಾಯುವವನಂತೆ ದೀಪ ನೋಡುತ್ತಾ ಕೂತ.

ಮ್ಯಾನೇಜರ್ ಬಂದದ್ದು ಹನ್ನೊಂದಕ್ಕೆ. "ಅಳಿಸಿದೆಯಾ?" ಎಂದರು.

ಅವಳು ತಿರುಗದೆ, ನಡೆದದ್ದನ್ನು ಹೇಳಿದಳು. ಅಪ್ಪ, ಮಗಳು, ಕಿವಿ, ಗುಬುಟು, ಟೇಪು. ಅವರು ಮೊದಲು ಗಡಿಯಾರ ನೋಡಿದರು. ಹದಿನೈದು ಸೆಂಟಿಮೀಟರ್ ಎಂದಾಗ ಕೈ ಕೆಳಗಿಳಿಯಿತು.

"ಹದಿನೇಳು ಅಂದ್ರೆ ನಮ್ಮ ದೊಡ್ಡ ಪಂಪಿನ ಪಕ್ಕದ್ದಲ್ವಾ? ನೀರು ಸಾಕಷ್ಟಿದೆ ಅಂತ ಅದೇ ಕೋಲು ನೋಡಿ ತಾನೇ ಪಂಪು ಹಾಕೋದು?"

"ಹೌದು ಸರ್."

"ಕೊಳವೆ ಗಾಳಿ ಕುಡೀತಾ ಇದೆ, ಕೊಳವೆ ಗಾಳಿ ಕುಡೀತಾ ಇದೆ ಅಂತ ಎರಡು ಸಲ ಪಂಪನ್ನೇ ಬಿಚ್ಚಿಸಿದೆ ನಾನು." ಅವರು ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತರು. "ನೀರೇ ಇರಲಿಲ್ಲ! ಇದ್ದದ್ದಕ್ಕಿಂತ ಹೆಚ್ಚು ಅಂತ ಕೋಲು ಸುಳ್ಳು ಹೇಳ್ತಿತ್ತು."

"ಆಯಮ್ಮನ ಕಿವಿ ನಿಜ ಹೇಳ್ತಿತ್ತು," ಎಂದ ಸ್ಕ್ರೂ ಅಣ್ಣ.

ಮ್ಯಾನೇಜರ್ ಪರದೆಯ ಕಡೆ ಬಗ್ಗಿ, "ಎಷ್ಟಾಯ್ತು ಈಗ?" ಎಂದು ಕೇಳಿದರು. ಆಗ ನಲವತ್ತೊಂದನೆಯದು ನಡೆಯುತ್ತಿತ್ತು. ಅವರು ಮೇಲೆ ಹೋಗಲಿಲ್ಲ.

ಎಪ್ಪತ್ತೊಂದನೇ ಪೊಟ್ಟಣ ಮುಗಿಯುವಷ್ಟರಲ್ಲಿ ನಾಲ್ಕನೇ ಸರ್ವರ್‌ನ ದೀಪ ಕೆಂಪಾಯಿತು. ಒಂದು ಸಣ್ಣ ಕಟಕಟ ಸದ್ದು, ಆಮೇಲೆ ಅದೂ ಇಲ್ಲ. ಡಿಸ್ಕು ಸತ್ತಿತ್ತು. ಉಳಿದ ಮೂವತ್ತೇಳು ತಿಂಗಳು, ಅಂದರೆ ಅಕ್ಕ ತಾನೇ ಕಲಿಯುತ್ತಾ ಬಂದ ಕೊನೆಯ ಮೂರು ವರ್ಷ, ಈಗ ಮೂರನೇ ಸರ್ವರ್ ಒಂದರಲ್ಲೇ ಪೂರ್ತಿಯಾಗಿ ಇದ್ದದ್ದು. ಯಾಕಮ್ಮ ವೇಗವನ್ನು ಸ್ವಲ್ಪ ಇಳಿಸಿದಳು. ಅವಸರದಲ್ಲಿ ಹಳೆ ಎತ್ತನ್ನು ಓಡಿಸಬಾರದು. ಎಪ್ಪತ್ತೆರಡು. ಎಪ್ಪತ್ತಮೂರು. ಪ್ರತಿಯೊಂದು ತಾಳೆಯಾದಾಗಲೂ ಮ್ಯಾನೇಜರ್ ಅಂಕಿಯನ್ನು ಗಟ್ಟಿಯಾಗಿ ಹೇಳಿದರು, ತಮಗೆ ಗೊತ್ತಿಲ್ಲದೆಯೇ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನೂರ ಎಂಟು.

"ನೂರೆಂಟು ಪ್ರಶ್ನೆ ಕೇಳೋಳ ಕೈಗೆ ನೂರೆಂಟೇ ಪೊಟ್ಟಣ," ಎಂದು ಸ್ಕ್ರೂ ಅಣ್ಣ ಎದ್ದು, ಮೈಮುರಿದು, ನಾಲ್ಕನೇದಕ್ಕೆ ಹೊಸ ಡಿಸ್ಕು ಹಾಕಲು ಹೋದ. ಇನ್ನು ಹಳೆಯ ಮೂಟೆಯ ಅಗತ್ಯವಿರಲಿಲ್ಲ. ಸತ್ತ ಡಿಸ್ಕಿನ ಜಾಗಕ್ಕೆ ಬಂದ ಹೊಸದು ಉಳಿದವರಿಂದ ತನ್ನ ಪಾಲನ್ನು ಪಡೆದು, ಶನಿವಾರ ಮಧ್ಯಾಹ್ನದೊಳಗೆ ತುಂಬಿ ನಿಂತಿತು.

ಮುಂದಿನ ವಾರ ಮೂರು, ಎರಡು, ಐದು ಎಂದು ಉಳಿದವೂ ಮುಗಿದವು. ನಡುವೆ ಯಾವುದೂ ಕೈಕೊಡಲಿಲ್ಲ. ಐದೂ ಡಿಸ್ಕುಗಳು ನೂರಕ್ಕೆ ಇಪ್ಪತ್ತರಷ್ಟೂ ತುಂಬದೆ ಹಾಯಾಗಿ ಕೂತವು. ಮ್ಯಾನೇಜರ್ ಎರಡು ಕಾಗದ ಬರೆದರು. ಮೊದಲನೆಯದು ಎಲ್ಲ ಕೇಂದ್ರಗಳಿಗೆ: ಕೋಲನ್ನು ಗುಬುಟಿನೊಂದಿಗೆ ಕೂಡಲೇ ತಾಳೆ ನೋಡುವುದು. ಇನ್ನೂ ಎರಡು ಕಡೆ ಕೋಲು ಜರುಗಿದ್ದು ಆಗ ತಿಳಿಯಿತು. ಎರಡನೆಯದು ಹದಿನೇಳನೇ ಕೇಂದ್ರಕ್ಕೆ ಮಾತ್ರ: ಸದ್ದು ಕಳಿಸುವುದನ್ನು ಮುಂದುವರಿಸುವುದು, ಆದರೆ ಮಡಚಿ ಕಳಿಸುವುದು, ಮಡಚುವ ಕ್ರಮವನ್ನು ಕಚೇರಿಯಿಂದ ಹೇಳಿಕೊಡಲಾಗುವುದು.

ಹೇಳಿಕೊಡಲು ಯಾಕಮ್ಮನೇ ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಮುಗಿಯಬೇಕಾದ ಮಾತು ಒಂದು ಗಂಟೆ ಹಿಡಿಯಿತು.

"ಅಕ್ಕ, ನೀರು ಜಾಸ್ತಿ ಆದ್ರೆ ಸದ್ದು ಜೋರಾಗತ್ತಾ?"

"ಅಯ್ಯೋ, ಎಲ್ಲರೂ ಹಾಗೇ ಅಂದ್ಕೊಳ್ತಾರೆ. ಕಮ್ಮಿ ಇದ್ದಾಗಲೇ ಗಲಾಟೆ. ಏರ್ತಾ ಏರ್ತಾ ದನಿ ದಪ್ಪ ಆಗತ್ತೆ, ಕಲ್ಲು ಮುಳುಗಿದ ಮೇಲಂತೂ ಗೊಣಗಾಟ ಅಷ್ಟೇ." ಸ್ವಲ್ಪ ತಡೆದು, "ಅಪ್ಪ ಇನ್ನೊಂದು ಹೇಳ್ತಿದ್ರು. ತಣ್ಣೀರು ಬೀಳೋ ಸದ್ದೇ ಬೇರೆ, ಬಿಸಿಲಲ್ಲಿ ಕಾದ ನೀರಿನ ಸದ್ದೇ ಬೇರೆ ಅಂತ. ಎತ್ತರ ಒಂದೇ ಇದ್ರೂ ಗೊತ್ತಾಗತ್ತಂತೆ. ಅದನ್ನ ಮಾತ್ರ ನಾನು ಯಾವತ್ತೂ ಪರೀಕ್ಷೆ ಮಾಡಲಿಲ್ಲ. ಜಂಬ ಅಂತ ಬಿಟ್ಟುಬಿಟ್ಟೆ."

ಯಾಕಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. ಪ್ರತಿ ಅಳತೆಯ ಜೊತೆಗೂ ನೀರಿನ ಉಷ್ಣತೆ ಬರೆಯುವ ಖಾನೆಯೊಂದಿತ್ತು; ಒಂಬತ್ತು ವರ್ಷವೂ ಅದು ತುಂಬಿತ್ತು. "ಅಕ್ಕ, ಒಂದೇ ಎತ್ತರದ ಇಪ್ಪತ್ತು ಸದ್ದು ಕಳಿಸ್ತೀನಿ. ಅರ್ಧ ಚಳಿಗಾಲದ್ದು, ಅರ್ಧ ಬೇಸಿಗೇದು. ಯಾವುದು ಯಾವುದು ಅಂತ ಹೇಳಲ್ಲ. ನೀವು ಹೇಳಿ."

ಎರಡು ದಿನದ ಮೇಲೆ ಉತ್ತರ ಬಂತು. ಇಬ್ಬರೂ ಫೋನಿನಲ್ಲಿ ಒಂದೊಂದನ್ನೇ ಹೋಲಿಸಿದರು. ಇಪ್ಪತ್ತರಲ್ಲಿ ಹದಿನಾಲ್ಕು ಸರಿ.

"ಇದು ಕಿವೀನಾ, ಅದೃಷ್ಟಾನಾ?" ಎಂದು ಕೇಳಿದಳು ಅಕ್ಕ.

"ಹದಿನಾಲ್ಕರಲ್ಲಿ ಹೇಳೋಕಾಗಲ್ಲ ಅಕ್ಕ. ಎರಡೂ ಇರಬಹುದು."

"ಹಾಗಿದ್ರೆ ಇನ್ನೂ ಇಪ್ಪತ್ತು ಕಳಿಸು. ಈ ಸಲ ಮಳೆಗಾಲದ್ದೂ ಸೇರಿಸು, ಸುಲಭ ಮಾಡಬೇಡ." ಅದುವರೆಗೂ 'ನೀವು' ಎನ್ನುತ್ತಿದ್ದ ಅಕ್ಕ ಯಾವಾಗ 'ನೀನು' ಎನ್ನತೊಡಗಿದಳೋ ಇಬ್ಬರಿಗೂ ಗೊತ್ತಾಗಲಿಲ್ಲ. ಯಾಕಮ್ಮ ಆಗಲೇ ಪೊಟ್ಟಣಗಳಲ್ಲಿ ಹುಡುಕತೊಡಗಿದ್ದಳು.